ಮೆತ್ತಗೆ ಮಾಡಿ ಹೇಳಿದ ಮಾತು

ಹೊಸದಾಗಿ ದುಭಾಷಿಯ ಕೆಲಸಕ್ಕೆ ಸೇರುವವರು ನನ್ನನ್ನು ಮೊದಲು ಕೇಳುವುದು ಕೈಕಾಲುಗಳ ಬಗ್ಗೆ. ಜಪಾನಿನವರಿಗೆ ಹೆಸರಿನ ಕಾರ್ಡನ್ನು ಎರಡೂ ಕೈಯಿಂದ ಕೊಡಬೇಕೇ, ಯುರೋಪಿನವರು ಕೈಕುಲುಕಲು ಬಂದಾಗ ನಾವು ನಮಸ್ಕಾರ ಮಾಡಿದರೆ ತಪ್ಪೇ, ನೇಕಾರರ ಮನೆಯಲ್ಲಿ ಪರದೇಶಿಯರ ಬೂಟು ಎಲ್ಲಿ ಬಿಡಿಸಬೇಕು, ಹೀಗೆ. ಇವಕ್ಕೆಲ್ಲ ಉತ್ತರ ಈಗ ಫೋನಿನಲ್ಲೇ ಸಿಗುತ್ತದೆ. ತಪ್ಪಿದರೂ ದೊಡ್ಡ ಅನಾಹುತವೇನಿಲ್ಲ. ಎಡಗೈಯಲ್ಲಿ ಕಾರ್ಡು ಕೊಟ್ಟದ್ದಕ್ಕೆ ವ್ಯಾಪಾರ ಮುರಿದದ್ದನ್ನು ನಾನು ನನ್ನ ಇಡೀ ನೌಕರಿಯಲ್ಲಿ ಒಮ್ಮೆಯೂ ನೋಡಲಿಲ್ಲ.

ಆದರೆ ವ್ಯಾಪಾರ ಮುರಿದದ್ದನ್ನು ನೋಡಿದ್ದೇನೆ. ಅದು ಮುರಿದದ್ದು ನನ್ನ ಒಳ್ಳೆಯ ನಡತೆಯಿಂದಲೇ. ನಿವೃತ್ತಿಯಾದ ಮೇಲೆ ಇದನ್ನು ಬರೆದಿಡುತ್ತಿರುವುದು ಅದಕ್ಕಾಗಿ.

ಕೈಮಗ್ಗದ ಬಟ್ಟೆಯನ್ನು ಹೊರದೇಶಕ್ಕೆ ಕಳಿಸುವ ಹೈದರಾಬಾದಿನ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ದುಭಾಷಿಯಾಗಿದ್ದೆ. ಖರೀದಿಗೆ ಬಂದ ಪರದೇಶಿಯರನ್ನು ಕಾರಿನಲ್ಲಿ ನಾರಾಯಣಪೇಟೆಗೆ, ಗದ್ವಾಲಿಗೆ ಕರೆದೊಯ್ಯುವುದು, ನೇಕಾರರ ಮನೆಯಲ್ಲಿ ಇಬ್ಬರ ನಡುವೆ ಕುಳಿತು ಇವರ ಮಾತು ಅವರಿಗೆ ಅವರ ಮಾತು ಇವರಿಗೆ ಹೇಳುವುದು, ಅವರು ವಾಪಸು ಹೋದ ಮೇಲೆ ಪತ್ರ ಬರೆಯುವುದು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ನಮೂನೆಯ ಬಟ್ಟೆ ಕಟ್ಟಿಕೊಂಡು ಅವರ ಊರಿಗೆ ಹೋಗುವುದೂ ಇತ್ತು. ನಾನು ಹುಟ್ಟಿದ್ದು ಮಕ್ತಲ್‌ನಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಅಜ್ಜ ನಿಜಾಮರ ಕಾಲದ ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಷ್ಕಾರರಾಗಿದ್ದರಿಂದ ಅವರ ಸಿಟ್ಟೆಲ್ಲ ಉರ್ದುವಿನಲ್ಲಿ ಬರುತ್ತಿತ್ತು. ಇಂಗ್ಲಿಷ್ ಕಾಲೇಜಿನಲ್ಲಿ ಕಲಿತೆ. ನಾಲ್ಕು ಭಾಷೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಸಿಕ್ಕ ನೌಕರಿ ಇದು.

ನನ್ನನ್ನು ತಿದ್ದಿದವರು ಸಂಸ್ಥೆಯ ಯಜಮಾನರಾದ ಖಾದರ್ ಸಾಹೇಬರು. ಅವರೂ ಮಕ್ತಲ್ ಕಡೆಯವರೇ. ಇಸ್ತ್ರಿ ಮುರಿಯದ ಶೇರ್ವಾನಿ, ಎಂದೂ ಏರದ ದನಿ. ನೇಕಾರರ ಮನೆಗೆ ಹೋದರೆ ಅರ್ಧ ತಾಸು ವ್ಯಾಪಾರದ ಮಾತು ತೆಗೆಯುತ್ತಿರಲಿಲ್ಲ. ಮಳೆ, ಮೊಮ್ಮಕ್ಕಳು, ಬೇನೆ ಬೇಸರಿಕೆ ಎಲ್ಲ ಮುಗಿದು ಚಹಾದ ಕಪ್ಪು ಕೆಳಗಿಟ್ಟ ಮೇಲೆ, "ಮತ್ತ, ಮಗ್ಗ ಏನಂತದ?" ಎಂದು ಕೇಳುತ್ತಿದ್ದರು.

ಮೊದಲ ವಾರವೇ ನನಗೆ ಒಂದು ಮಾತು ಹೇಳಿದರು. "ಸುಧಾಬಾಯಿ, ಯಾರ ಮನ್ಯಾಗ ಉಂಡಿರ್ತೀರೋ ಅವರ ಕಸುಬಿನ ಬಗ್ಗೆ ಆ ಮನ್ಯಾಗ ಕೆಟ್ಟ ಮಾತು ಆಡಬ್ಯಾಡ್ರಿ. ನೀವೂ ಆಡಬ್ಯಾಡ್ರಿ, ನಿಮ್ಮ ಬಾಯಿಂದ ಇನ್ನೊಬ್ಬರದೂ ಬರಬಾರದು."

ನಾನು ಅದನ್ನು ವೇದವಾಕ್ಯದಂತೆ ಹಿಡಿದೆ.

ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ನಾರಾಯಣಪೇಟೆಯಲ್ಲಿ. ಮೊರಿತಾ ಎಂಬ ಜಪಾನಿನ ವ್ಯಾಪಾರಿ ಬಂದಿದ್ದರು. ಹಿರಿಯರು, ಬಹಳ ಮೆಲುಮಾತಿನವರು. ಸಿದ್ದಪ್ಪ ಎಂಬ ನೇಕಾರನ ಮನೆಯಲ್ಲಿ ಒಂದು ತಾಸು ಕೂತು ಸೀರೆಗಳ ಚೌಕಳಿಯನ್ನು ಬೆರಳಿನಿಂದ ಸವರಿ ನೋಡಿದರು. ಕೊನೆಗೆ ಕಪ್ಪು ನೂಲಿನ ಉದ್ದೆಳೆಗಳ ಹಾಸಿನ ಮೇಲೆ ಬಿಳಿ ಚೌಕಳಿ ಬರುವಂತೆ ನೇಯ್ದು ಕೊಡಬಹುದೇ, ಮೂರು ತಿಂಗಳಲ್ಲಿ ಬೇಕು ಎಂದರು. ನಾನು ಸಿದ್ದಪ್ಪನಿಗೆ ಹೇಳಿದೆ. ಆತ ತಲೆ ಕೆರೆದುಕೊಂಡು, "ನೋಡೋಣ್ರಿ" ಎಂದ.

ಆತ ಆ ಕೆಲಸ ನೋಡಿಕೊಳ್ಳುತ್ತಾನೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೊರಿತಾ ತಮ್ಮ ಪುಟ್ಟ ಡೈರಿಯಲ್ಲಿ ತಾರೀಖು ಬರೆದುಕೊಂಡು ಎದ್ದು ನಿಂತು ಸಿದ್ದಪ್ಪನಿಗೆ ಬಾಗಿದರು. ಸಿದ್ದಪ್ಪನೂ ಗಾಬರಿಯಲ್ಲಿ ಬಾಗಿದ.

ಮೂರು ತಿಂಗಳ ಮೇಲೆ ಅದೇ ತಾರೀಖಿಗೆ ಮೊರಿತಾ ಬಂದಿಳಿದರು. ನಾನು ಕಾರಿನಿಂದ ಇಳಿದು ಒಳಗೆ ಹೋಗಿ ನೋಡಿದರೆ ಮಗ್ಗದ ಮೇಲೆ ಕೆಂಪು ಸೀರೆ ನಡೆದಿತ್ತು. ಕಪ್ಪು ನೂಲಿನ ಒಂದು ಎಳೆಯೂ ಆ ಮನೆಯಲ್ಲಿ ಇರಲಿಲ್ಲ.

"ಸಿದ್ದಪ್ಪ, ಆ ಕರೇ ಬಟ್ಟಿ ಎಲ್ಲಿ?" ಎಂದೆ.

ಆತ ನನ್ನನ್ನು ವಿಚಿತ್ರವಾಗಿ ನೋಡಿದ. "ಅವತ್ತಽ ಆಗಂಗಿಲ್ಲ ಅಂದಿದ್ನೆಲ್ರಿ ಅಕ್ಕಾರ."

"ಎಲ್ಲಿ ಅಂದಿ? ನೋಡೋಣ ಅಂದಿ ನೀ."

"ಹೌದ್ರಿ. ನೋಡೋಣ ಅಂದೆ. ಹೂಂ ಅನ್ನಲಿಲ್ಲಲ್ರಿ. ಮಗಳ ಮದುವಿ ಇಟ್ಕೊಂಡು ಮನ್ಯಾಗ ಕರೇ ಹಾಸು ಹ್ಯಾಂಗ ಹಾಕಲಿ? ದೂರದಿಂದ ಬಂದ ಮನಷ್ಯಾರ ಮುಖದ ಮ್ಯಾಲ ಇಲ್ಲ ಅಂತ ಹ್ಯಾಂಗ ಹೇಳಲಿ?"

ಇದು ನನ್ನದೇ ಭಾಷೆ. ನಮ್ಮ ಮನೆಯಲ್ಲೂ ಕೊಡಲಾಗದ್ದನ್ನು ಕೇಳಲು ಬಂದವರಿಗೆ ಅವ್ವ "ನೋಡೋಣಂತ" ಎಂದೇ ಹೇಳಿ ಕಳಿಸುತ್ತಿದ್ದಳು. ಅಷ್ಟು ವರ್ಷ ಕೇಳಿದ್ದ ಮಾತಿನ ಅರ್ಥ ಇಂಗ್ಲಿಷಿಗೆ ತಿರುಗಿಸುವ ಹೊತ್ತಿಗೆ ನನ್ನ ಕೈಬಿಟ್ಟಿತ್ತು.

ಮೊರಿತಾ ಅವರಿಗೆ ನಡೆದದ್ದನ್ನು ವಿವರಿಸಿದೆ. ಅವರು ಡೈರಿಯ ಆ ಪುಟ ತೆಗೆದು ನೋಡಿದರು. ಆಮೇಲೆ, "ನಮ್ಮಲ್ಲೂ ಹಾಗೇ. ಪರಿಶೀಲಿಸುತ್ತೇನೆ ಎಂದರೆ ಇಲ್ಲ ಎಂದರ್ಥ. ನಾನು ಅವರ ಮುಖ ನೋಡಿದ್ದರೆ ತಿಳಿಯುತ್ತಿತ್ತು. ನಾನು ನಿಮ್ಮ ಮುಖ ನೋಡುತ್ತಿದ್ದೆ" ಎಂದರು. ಸಿದ್ದಪ್ಪನ ಮಗಳಿಗೆ ಎಂದು ಜೇಬಿನಿಂದ ಒಂದು ರೇಷ್ಮೆಯ ಕರವಸ್ತ್ರ ತೆಗೆದು ಕೊಟ್ಟು ಹೋದರು. ಮತ್ತೆ ಬರಲಿಲ್ಲ.

ಈ ಪೆಟ್ಟಿನಿಂದ ನಾನು ಕಲಿತ ಪಾಠ ಅರ್ಧ ಸರಿ, ಅರ್ಧ ತಪ್ಪು. ಮಾತಿನೊಳಗಿನ ಮಾತನ್ನು ಹಿಡಿಯುವುದು ನನ್ನ ಕೆಲಸ ಎಂದುಕೊಂಡೆ. ಅಷ್ಟಕ್ಕೆ ನಿಂತಿದ್ದರೆ ಒಳ್ಳೆಯದಿತ್ತು. ಯಾರು ಯಾವ ಮಾತು ತಾಳಿಯಾರು, ಯಾವುದನ್ನು ತಾಳಲಾರರು ಎಂದು ತೀರ್ಮಾನಿಸುವುದೂ ನನ್ನದೇ ಕೆಲಸ ಎಂದುಕೊಂಡೆ. ಹತ್ತು ವರ್ಷ ಹಾಗೆಯೇ ನಡೆಯಿತು. ಎಲ್ಲರೂ ನನ್ನನ್ನು ಹೊಗಳಿದರು. ಸುಧಾಬಾಯಾರು ಜೊತೆಗಿದ್ದರೆ ಯಾರಿಗೂ ಬೇಜಾರಾಗುವುದಿಲ್ಲ ಎಂಬ ಹೆಸರು ಬಂತು.

ಆಮೇಲೆ ಇಂಗೆ ಎಂಬವಳು ಬಂದಳು.

ಇಂಗೆ ಡೆನ್ಮಾರ್ಕಿನವಳು. ಐವತ್ತು ದಾಟಿದ, ನನಗಿಂತ ಒಂದೂವರೆ ಗೇಣು ಎತ್ತರದ ಹೆಂಗಸು. ಅಲ್ಲಿನ ಒಂದು ಬಂದರಿನ ಊರಿನಲ್ಲಿ ಅವಳದು ಬಟ್ಟೆಯ ಅಂಗಡಿ. ಗದ್ವಾಲಿನ ಈರಣ್ಣನ ಮನೆಯಲ್ಲಿ ಹತ್ತಿಯ ಮೈ, ರೇಷ್ಮೆಯ ಅಂಚು ಇರುವ ಶಾಲುಗಳನ್ನು ನೋಡಿ ಅಲ್ಲೇ ಮನಸೋತಳು. ಈರಣ್ಣನ ಹಿರಿಯರು ರಾಯಚೂರು ಸೀಮೆಯಿಂದ ಹೋಗಿ ನೆಲೆಸಿದವರಾದ್ದರಿಂದ ಮನೆಯಲ್ಲಿ ಕನ್ನಡವೇ. ಆತನ ಹೆಂಡತಿ ಗೌರಮ್ಮ, ಆಮೇಲೆ ಬಂದ ಸೊಸೆ ಸವಿತಾ. ಈರಣ್ಣ ತಾನೊಬ್ಬನೇ ನೇಯುತ್ತಿರಲಿಲ್ಲ, ತನ್ನದೂ ಸೇರಿ ಆ ಓಣಿಯ ಒಂಬತ್ತು ಮನೆಗಳಿಗೆ ಕೆಲಸ ಹಂಚುತ್ತಿದ್ದ. ಇಂಗೆಯ ಶಾಲುಗಳು ಆ ಒಂಬತ್ತೂ ಮನೆಗಳ ಮಗ್ಗದ ಮೇಲೆ ಏರಿದವು.

ಅವಳು ಮೊದಲ ಸಲ ಬಂದಾಗಲೇ ನನ್ನ ಎದೆ ನಿಂತುಹೋಗುವ ಕೆಲಸ ಮಾಡಿದಳು. ಬೆಳಗಿನ ಹೊತ್ತು ಈರಣ್ಣನ ಮನೆಯ ಮುಂದೆ ನೂಲಿನ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಇಂಗೆ ಫೋಟೋ ತೆಗೆಯುತ್ತ ಬಂದು, ಸುತ್ತು ಹಾಕುವ ಬದಲು ಉದ್ದನೆಯ ಕಾಲೆತ್ತಿ ಹಾಸನ್ನು ದಾಟಿದಳು. ಗೌರಮ್ಮನ ಕೈಯಲ್ಲಿದ್ದ ಗಂಜಿಯ ಕುಂಚ ಅಲ್ಲೇ ನಿಂತಿತು.

"ಅಕ್ಕಾರ, ನೂಲು ದಾಟಬಾರ್ದು ಅಂತ ಆಕಿಗೆ ಹೇಳ್ರಿ. ನಮಗ ಅದು ದೇವ್ರು" ಎಂದ ಈರಣ್ಣ.

ನಾನು ಇಂಗೆಯ ಕಡೆ ತಿರುಗಿ, "ಈ ಕಡೆಯಿಂದ ನಿಂತರೆ ಬಣ್ಣ ಚೆನ್ನಾಗಿ ಕಾಣುತ್ತದಂತೆ" ಎಂದೆ. ಅವಳು ಸಂತೋಷದಿಂದ ಈ ಕಡೆ ಬಂದಳು, ಮತ್ತೆ ದಾಟಿಕೊಂಡೇ. ಗೌರಮ್ಮ ಒಳಗೆ ಹೋಗಿ ಅರಿಶಿನದ ನೀರು ತಂದು ಹಾಸಿನ ಮೇಲೆ ಚಿಮುಕಿಸಿದಳು. ಅದು ಏಕೆ ಎಂದು ಇಂಗೆ ಕೇಳಿದಾಗ ನಿಮ್ಮನ್ನು ಸ್ವಾಗತಿಸುತ್ತಿದ್ದಾರೆ ಎಂದೆ. ಆಮೇಲೆ ಬಂದಾಗಲೆಲ್ಲ ಅವಳು ಹಾಗೆಯೇ ದಾಟಿದಳು, ಗೌರಮ್ಮ ಹಾಗೆಯೇ ನೀರು ಚಿಮುಕಿಸಿದಳು.

ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತಿದ್ದೆ. ಆಗ ಅದು ಸುಳ್ಳೆಂದು ಅನಿಸಲೇ ಇಲ್ಲ.

ಊಟಕ್ಕೆ ಕೂತಾಗ ಗೌರಮ್ಮ ನನ್ನನ್ನು ಕೇಳಿದಳು. "ಈಯಮ್ಮಗ ಮಕ್ಳೆಷ್ಟು ಅಂತ ಕೇಳ್ರಿ." ಇದು ನಮ್ಮಲ್ಲಿ ಎಲ್ಲರಿಗೂ ಕೇಳುವ ಮಾತು. ಆದರೆ ಯುರೋಪಿನವರಿಗೆ ಮನೆಯ ವಿಷಯ ಕೇಳಬಾರದು ಎಂದು ನಾನು ಕಲಿತಿದ್ದೆ. ಆದ್ದರಿಂದ, "ಖಾರ ಹೆಚ್ಚಾಯಿತೇ ಎಂದು ಕೇಳುತ್ತಿದ್ದಾರೆ" ಎಂದೆ. ಇಂಗೆ ಇಲ್ಲ ಎಂದು ತಲೆಯಾಡಿಸಿದಳು. ನಾನು ಗೌರಮ್ಮನಿಗೆ, "ಇಲ್ಲಂತ" ಎಂದೆ. ಗೌರಮ್ಮ ಲೊಚಗುಟ್ಟಿ ಇಂಗೆಯ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು.

ಎರಡು ವರ್ಷದ ಮೇಲೆ ನಾನು ಡೆನ್ಮಾರ್ಕಿಗೆ ಹೋದೆ. ಅಲ್ಲಿ ಇಂಗೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳಗಿನ ಸಭೆ. ಕೆಲಸಕ್ಕೆ ಸೇರಿ ವರ್ಷವೂ ಆಗಿರದ ಒಬ್ಬಳು ಹುಡುಗಿ ಎಲ್ಲರ ಮುಂದೆ, ಹೊರಗಿನವಳಾದ ನನ್ನ ಮುಂದೆಯೂ, ಒಡತಿಗೆ ಹೇಳಿದಳು: "ಇಂಗೆ, ನೀನು ಹೋದ ಸಲ ಆರಿಸಿದ ಬಣ್ಣ ತಪ್ಪು. ನಾನು ಆಗಲೇ ಹೇಳಿದ್ದೆ." ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. ಇನ್ನು ಈ ಹುಡುಗಿಯ ಕೆಲಸ ಹೋಯಿತು ಎಂದುಕೊಂಡೆ. ಇಂಗೆ ಪೆನ್ನು ತೆಗೆದು ಅದನ್ನು ಬರೆದುಕೊಂಡು, "ಧನ್ಯವಾದ" ಎಂದಳು. ಮಧ್ಯಾಹ್ನ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ನಗುತ್ತ ಉಂಡರು.

ವಾಪಸು ಬಂದು ಖಾದರ್ ಸಾಹೇಬರಿಗೆ ಇದನ್ನು ಹೇಳಿದಾಗ ಅವರು ಕಿವಿ ಮುಟ್ಟಿಕೊಂಡು, "ತೋಬಾ, ಎಂಥಾ ಬೇಅದಬ್, ಮರ್ಯಾದಿ ಇಲ್ಲದ ಮಂದಿ" ಎಂದರು. ನಾವಿಬ್ಬರೂ ಆ ಜನರ ಮೇಲೆ ಕನಿಕರಪಟ್ಟೆವು. ಅದು ಅವರ ಮರ್ಯಾದೆಯ ರೀತಿ, ತಪ್ಪನ್ನು ಮುಖಕ್ಕೆ ಹೇಳುವಷ್ಟು ನಿನ್ನ ಮೇಲೆ ನಂಬಿಕೆ ಇದೆ ಎಂದು ತೋರಿಸುವ ರೀತಿ, ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಅದೇ ವರ್ಷ ಗದ್ವಾಲಿಗೆ ಬಂದಾಗ ಇಂಗೆ ಈರಣ್ಣನ ಎದುರಿಗೆ ಒಂದು ಶಾಲು ಬಿಚ್ಚಿ ಹಾಸಿದಳು. ಅವಳ ಊರಿನಲ್ಲಿ ಯಾರೋ ಕೊಂಡು ಬಿಸಿನೀರಿನಲ್ಲಿ ಒಗೆದದ್ದು. ಹತ್ತಿಯ ಮೈ ಕುಗ್ಗಿತ್ತು, ರೇಷ್ಮೆಯ ಅಂಚು ಕುಗ್ಗಿರಲಿಲ್ಲ. ಅಂಚೆಲ್ಲ ಹಪ್ಪಳದ ಹಾಗೆ ಸೊಟ್ಟ ಸೊಟ್ಟ ಎದ್ದು ನಿಂತಿತ್ತು.

"ಇದು ದೊಡ್ಡ ದೋಷ. ಗಿರಾಕಿಗಳು ವಾಪಸು ತರುತ್ತಿದ್ದಾರೆ. ನೇಯುವ ಮೊದಲು ಹತ್ತಿಯ ನೂಲನ್ನು ಕುದಿಸಿ ಕುಗ್ಗಿಸಬೇಕು. ಅವರು ಮಾಡಬಲ್ಲರೇ ಕೇಳು" ಎಂದಳು.

ಆ ಹೊತ್ತಿನಲ್ಲಿ ಈರಣ್ಣನ ಮನೆಯ ಪಡಸಾಲೆ ತುಂಬಿತ್ತು. ಓಣಿಯ ನೇಕಾರರೆಲ್ಲ ಬಂದು ಕೂತಿದ್ದರು. ನಮಗೆ ಬಡಿಸಿದ ಎಲೆಗಳನ್ನು ಗೌರಮ್ಮ ಇನ್ನೂ ಎತ್ತಿರಲಿಲ್ಲ. ಆತನ ಕೈಕೆಳಗೆ ಕೆಲಸ ಮಾಡುವ ಎಂಟು ಮಂದಿಯ ಎದುರು ಆತನ ಬಟ್ಟೆ ಕೆಟ್ಟದ್ದು ಎಂದು ನಾನು ಹೇಗೆ ಹೇಳಲಿ?

"ಬಹಳ ಚಲೋ ಬಂದದಂತ. ಅಂಚಿನ ಕಡೆ ಸ್ವಲ್ಪ ಲಕ್ಷ್ಯ ಕೊಡ್ರಿ ಅಂತಾರ" ಎಂದೆ.

"ಆತು ಅನ್ರಿ" ಎಂದು ಈರಣ್ಣ ನಕ್ಕ.

"ಪ್ರಯತ್ನ ಮಾಡುತ್ತಾರಂತೆ" ಎಂದು ನಾನು ಇಂಗೆಗೆ ಹೇಳಿದೆ.

ಆಮೇಲೆ ಒಬ್ಬನೇ ಸಿಕ್ಕಾಗ ಹೇಳಿದರಾಯಿತು ಎಂದುಕೊಂಡಿದ್ದೆ. ಅಂದು ಕಾರು ಹೊರಡುವ ಗಡಿಬಿಡಿ. ಮುಂದಿನ ತಿಂಗಳು ಫೋನು ಮಾಡಿದಾಗ ಆತನ ಅತ್ತೆಯ ತಿಥಿ. ಆಮೇಲೆ ಮರೆತೆ. ಮರು ವರ್ಷ ಇಂಗೆ ಅದನ್ನೇ ಕೇಳಿದಳು, ನಾನು ಅದನ್ನೇ ಮಾಡಿದೆ. ನಡುವೆ ಜಗತ್ತಿಗೆಲ್ಲ ಹಬ್ಬಿದ ರೋಗದ ದೆಸೆಯಿಂದ ಎರಡು ವರ್ಷ ಯಾರೂ ಎಲ್ಲಿಗೂ ಹೋಗಲಿಲ್ಲ. ಆಗ ಅವಳು ಪತ್ರದಲ್ಲಿ ಕೇಳಿದಳು. ಪ್ರಯತ್ನ ನಡೆದಿದೆ ಎಂದು ನಾನೇ ಉತ್ತರ ಬರೆದೆ.

ಓಡಾಟ ಮತ್ತೆ ಶುರುವಾದ ಮೇಲಿನ ಮೊದಲ ಭೇಟಿಯ ದಿನ ಇಂಗೆ ಈರಣ್ಣನ ಪಡಸಾಲೆಯಲ್ಲಿ ಕೂತವಳೇ ಫೋನು ತೆಗೆದಳು. "ಸುಧಾ, ಇವತ್ತು ನೀನು ಸುಮ್ಮನೆ ಕೂತುಕೋ. ಇದು ಭಾಷೆ ತಿರುಗಿಸುತ್ತದೆ, ಇದರಲ್ಲಿ ಕನ್ನಡವೂ ಇದೆ. ಅವರ ಜೊತೆ ಒಮ್ಮೆ ನಾನೇ ಮಾತಾಡಬೇಕು."

ನಾನು ನಕ್ಕೆ. ಯಂತ್ರದ ಕೈಯಲ್ಲಿ ನಮ್ಮ ಕಡೆಯ ಮಾತು ಏನಾದೀತು ಎಂದುಕೊಂಡೆ. ಈರಣ್ಣ ಮಾತಾಡಿದಾಗ ಅದು ಏನೇನೋ ಒದರಿತು ಸಹ. "ಚಲೋ ಐತ್ರಿ" ಎಂದದ್ದನ್ನು ಹೊರಡೋಣ ಎಂದು ತಿರುಗಿಸಿತು. ಆದರೆ ಸೊಸೆ ಸವಿತಾ ಡಿಗ್ರಿ ಓದಿದವಳು, ಜಾಣೆ. ಫೋನನ್ನು ತನ್ನ ಕೈಗೆ ತೆಗೆದುಕೊಂಡು, ಮಾವ ಅತ್ತೆ ಹೇಳಿದ್ದನ್ನು ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಅದಕ್ಕೆ ಹೇಳತೊಡಗಿದಳು. ಈಗ ಫೋನು ನೆಟ್ಟಗೆ ಮಾತಾಡಿತು.

ಮೊದಲು ಕೇಳಿದವಳು ಗೌರಮ್ಮ. "ಮಕ್ಳೆಷ್ಟು ಕೇಳವ್ವ."

ನಾನು ಕೈ ಎತ್ತಿದೆ, ತಡೆಯಲು. ಅಷ್ಟರಲ್ಲಿ ಫೋನು ಕೇಳಿಬಿಟ್ಟಿತ್ತು.

ಇಂಗೆ ಗೌರಮ್ಮನ ಮುಖವನ್ನೇ ನೋಡಿದಳು. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಏನೋ ಹೇಳಿದಳು. ಫೋನಿನ ಆ ಚಪ್ಪಟೆ ದನಿ ಕನ್ನಡದಲ್ಲಿ ನುಡಿಯಿತು: "ನನಗೆ ಒಬ್ಬ ಮಗನಿದ್ದನು. ಅವನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಮುದ್ರದಲ್ಲಿ ಮುಳುಗಿ ತೀರಿಕೊಂಡನು. ನೀವು ಕೇಳಿದ್ದಕ್ಕೆ ಧನ್ಯವಾದಗಳು."

ಗೌರಮ್ಮ ಎದ್ದು ಹೋಗಿ ಇಂಗೆಯ ಪಕ್ಕದಲ್ಲಿ ಕೂತು ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಆಕಿ ಬಂದಾಗೊಮ್ಮೆ ಕೇಳೀನಿ, ಇಲ್ಲಂತ, ಇಲ್ಲಂತ ಅಂತ ಹೇಳ್ಯಾರ" ಎಂದಳು ಯಾರಿಗೋ ಎಂಬಂತೆ.

ನಾನು ನೆಲ ನೋಡುತ್ತಿದ್ದೆ. ಇಂಗೆಯ ಜೊತೆ ಅಷ್ಟು ವರ್ಷ ಒಂದೇ ಕಾರಿನಲ್ಲಿ ಕೂತಿದ್ದೇನೆ, ಅವಳ ಮನೆಯಲ್ಲಿ ಉಂಡಿದ್ದೇನೆ. ನನಗೆ ಇದು ಗೊತ್ತಿರಲಿಲ್ಲ. ಕೇಳುವುದು ಅಸಭ್ಯ ಎಂದು ನಾನು ಕೇಳಿರಲಿಲ್ಲ, ಕೇಳಿದವರ ಬಾಯಿಯನ್ನೂ ಮುಚ್ಚಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಇಂಗೆ ಈರಣ್ಣನ ಕಡೆ ತಿರುಗಿದಳು. ಫೋನು ನುಡಿಯಿತು: "ನಾನು ನಿಮ್ಮನ್ನು ಗೌರವಿಸುತ್ತೇನೆ. ಆದ್ದರಿಂದ ಇದನ್ನು ಹೇಳಲು ನಾನೇ ಬಂದೆ. ಇದು ನನ್ನ ಕೊನೆಯ ಖರೀದಿ. ನೂಲನ್ನು ಕುದಿಸಿರಿ ಎಂದು ನಾನು ವರ್ಷಗಳಿಂದ ಕೇಳುತ್ತಿದ್ದೇನೆ. ಪ್ರಯತ್ನಿಸುತ್ತೇನೆ ಎಂದು ನೀವು ಪ್ರತಿ ಸಲವೂ ಹೇಳಿದಿರಿ. ಒಮ್ಮೆಯೂ ಏಕೆ ಮಾಡಲಿಲ್ಲ?"

ಈರಣ್ಣ ಫೋನನ್ನು ನೋಡಿದ, ಇಂಗೆಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ.

"ಏನು ಕುದಸಬೇಕಿತ್ರಿ?" ಎಂದ.

ನಾನು ಇಂಗೆಯ ಕಡೆ ನೋಡಿದೆ.

"ಅಕ್ಕಾರ, ಏನು ಕುದಸಬೇಕಿತ್ತು?"

"ನೂಲು" ಎಂದೆ. "ಒಗದ್ರ ಮೈ ಕುಗ್ಗತದ, ಅಂಚು ಕುಗ್ಗಂಗಿಲ್ಲ. ಮೊದಲಽ ನೂಲು ಕುದಿಸಿದ್ರ ಸರಿಹೋಗ್ತದ ಅಂತ ಆಕಿ ಹೇಳಿದ್ಲು. ನಾ ನಿಮಗ ಹೇಳಲಿಲ್ಲ."

"ಅಷ್ಟಽ ಏನ್ರಿ?" ಎಂದ ಈರಣ್ಣ. ಆತನ ದನಿ ಏರಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ನಮ್ಮಪ್ಪ ಕುದಸ್ತಿದ್ದ. ಮಿಲ್ಲಿನ ನೂಲು ಬಂದ ಮ್ಯಾಲ ನಾವು ಬಿಟ್ವಿ. ಒಂದು ಹಂಡೆ ನೀರು, ಒಂದು ದಿನದ ಕೆಲಸ. ಯಾಕ ಹೇಳಲಿಲ್ರಿ?"

"ನಿಮ್ಮ ಮರ್ಯಾದಿ..."

"ನನ್ನ ಮರ್ಯಾದಿ ನನ್ನ ಬಟ್ಟ್ಯಾಗ ಐತ್ರಿ. ಅದು ದೇಶಾಂತರ ಹೋಗಿ ಮಂದಿ ಮುಂದ ಸೊಟ್ಟಾಗಿ ನಿಂತೈತಿ. ನೀವು ಇಲ್ಲಿ ಚಲೋ ಐತಿ, ಚಲೋ ಐತಿ ಅನ್ಕೊಂತ ನನ್ನ ಕಣ್ಣು ಕಟ್ಟಿ ಇಟ್ರಿ. ನಾ ಏನು ಕೂಸೇನ್ರಿ, ತಪ್ಪು ಹೇಳಿದ್ರ ಅಳಾಕ?"

ಅಲ್ಲಿ ಕೂತಿದ್ದ ನೇಕಾರರಲ್ಲಿ ಒಬ್ಬಾತ ಎದ್ದು ಹೊರಗೆ ಹೋದ. ಉಳಿದವರು ಒಬ್ಬೊಬ್ಬರಾಗಿ ಆತನ ಹಿಂದೆ ಹೋದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಈರಣ್ಣ ಸೊಸೆಗೆ ಹೇಳಿದ: "ನಾಕು ದಿನ ತಾಳಾಕ ಹೇಳವ್ವ ಆಕಿಗೆ. ನಮೂನಿ ಮಾಡಿ ತೋರಸ್ತೀನಿ. ತೊಗೊಳ್ಳೋದು ಬಿಡೋದು ಆಕಿ ಮರ್ಜಿ." ಫೋನು ಅದನ್ನು ಹೇಳಿತು. ಇಂಗೆ ಒಪ್ಪಿದಳು. ನಾವು ಹೊರಡುವ ಮೊದಲೇ ಗೌರಮ್ಮ ಹಿತ್ತಲಲ್ಲಿ ಹಂಡೆಗೆ ಉರಿ ಹಾಕಿದ್ದಳು.

ಆ ನಾಲ್ಕು ದಿನ ಕಳೆಯಲು ಇಂಗೆಯನ್ನು ಅಲಂಪುರಕ್ಕೆ ಕರೆದುಕೊಂಡು ಹೋದೆ. ದೇವಸ್ಥಾನ ನೋಡಿ ತುಂಗಭದ್ರೆಯ ಕಡೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತಾಗ ಅವಳು ಚೀಲದಿಂದ ಹಳೆಯ ಡೈರಿಗಳನ್ನು ತೆಗೆದಳು. ಗದ್ವಾಲಿನ ಪ್ರತಿ ಭೇಟಿಯ ಮಾತುಕತೆಯನ್ನೂ ಬರೆದಿಟ್ಟಿದ್ದಳು. ಒಂದೊಂದನ್ನೇ ಓದಿ, "ಇದು ಅವರು ಹೇಳಿದ್ದೇ?" ಎಂದು ಕೇಳತೊಡಗಿದಳು.

ನಾನು ಸುಳ್ಳು ಹೇಳಲಿಲ್ಲ. "ಇಲ್ಲ" ಎಂದೆ. ಅವಳು ಪೆನ್ಸಿಲಿನಿಂದ ಅದರ ಮೇಲೆ ಒಂದು ಗೆರೆ ಎಳೆದಳು. "ಇದು?" "ಇಲ್ಲ." ಇನ್ನೊಂದು ಗೆರೆ. ದನಿಯಲ್ಲಿ ಸಿಟ್ಟಿರಲಿಲ್ಲ. ಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು.

ಅರಿಶಿನದ ನೀರಿನ ವಿಷಯ ಬಂತು. ಸ್ವಾಗತ, ಎಂದು ಬರೆದುಕೊಂಡಿದ್ದಳು. ಅದು ಸ್ವಾಗತವಲ್ಲ, ನೀನು ನೂಲು ದಾಟಿದ್ದಕ್ಕೆ ಶುದ್ಧ ಮಾಡಿದ್ದು ಎಂದೆ. ಅವಳ ಪೆನ್ಸಿಲು ನಿಂತಿತು.

"ಪ್ರತಿ ವರ್ಷವೂ?"

"ಪ್ರತಿ ವರ್ಷವೂ."

ಶಾಲುಗಳ ವಿಷಯದಲ್ಲಿ ಬಿಳಿಚದ ಅವಳ ಮುಖ ಈಗ ಬಿಳಿಚಿಕೊಂಡಿತು. "ಅವರ ದೇವರ ಮೇಲೆ ಕಾಲಿಟ್ಟು ನಾನು ನಗುತ್ತ ಫೋಟೋ ತೆಗೆದಿದ್ದೇನೆ" ಎಂದಳು. "ನಿನಗೆ ನನ್ನ ಮೇಲೆ ಏನು ದ್ವೇಷವಿತ್ತು ಸುಧಾ?"

ದ್ವೇಷ. ಅವಳಿಗೆ ಬೇಜಾರಾಗಬಾರದು ಎಂಬ ಒಂದೇ ಉದ್ದೇಶದಿಂದ ನಾನು ಮಾಡಿದ್ದಕ್ಕೆ ಅವಳ ಭಾಷೆಯಲ್ಲಿ ಇದ್ದ ಹೆಸರು ಅದು. ನಾನು ವಿವರಿಸಲು ನೋಡಿದೆ, ಆಗಲಿಲ್ಲ. ಡೈರಿ ಮುಗಿದಾಗ ಅವಳು ಅದನ್ನು ಮುಚ್ಚಿ, ಅಂದು ತನ್ನ ಅಂಗಡಿಯ ಹುಡುಗಿಗೆ ಹೇಳಿದ ದನಿಯಲ್ಲೇ, "ನಿಜ ಹೇಳಿದ್ದಕ್ಕೆ ಧನ್ಯವಾದ" ಎಂದಳು.

ಐದನೆಯ ದಿನ ಗದ್ವಾಲಿಗೆ ಹೋದೆವು. ಬೀದಿಯಲ್ಲಿ ಹಾಸು ಕಟ್ಟಿತ್ತು. ಇಂಗೆ ಅದರ ಕೊನೆಯವರೆಗೂ ನಡೆದು, ಸುತ್ತಿಕೊಂಡು ಬಂದಳು. ಗೌರಮ್ಮ ನೋಡಿ ಗಂಜಿಯ ಕುಂಚವನ್ನು ಮುಂದೆ ಎಳೆದಳು. ಈರಣ್ಣ ಸಣ್ಣ ಮಗ್ಗದ ಮೇಲೆ ಎರಡು ಗೇಣಿನ ತುಂಡು ನೇಯ್ದಿದ್ದ. ಎಲ್ಲರ ಎದುರಿಗೇ ಅದನ್ನು ಕುದಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಒಣಗಿಸಿ ನೆಲದ ಮೇಲೆ ಹಾಸಿದ. ಅಂಚು ನೆಲಕ್ಕೆ ಅಂಟಿದಂತೆ ಮಲಗಿತು.

ಇಂಗೆ ಮೊಣಕಾಲೂರಿ ಅದನ್ನು ಮುಟ್ಟಿ ನೋಡಿದಳು. ಅವಳ ಕಣ್ಣು ತುಂಬಿತು. ಆದರೂ ಅವಳು ಅವಳೇ. ಫೋನಿನಲ್ಲಿ ಹೇಳಿದಳು: "ಇದು ಸರಿಯಾಗಿದೆ. ಆದರೆ ಬರುವ ವರ್ಷದ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ ಮಾತು ಕೊಟ್ಟಿದ್ದೇನೆ. ಮಾತು ಮುರಿಯಲಾರೆ. ನಿಮ್ಮಲ್ಲಿ ಎರಡು ಮಗ್ಗಕ್ಕಷ್ಟೇ ಕೆಲಸ ಕೊಡಬಲ್ಲೆ."

"ಎರಡಽ ಆಗಲಿ" ಎಂದ ಈರಣ್ಣ.

ಒಂಬತ್ತರಲ್ಲಿ ಎರಡು. ಉಳಿದ ಏಳು ಮನೆಗಳಲ್ಲಿ ಮೂರು ಮನೆಯವರು ಮತ್ತೆ ಸೀರೆಗೆ ತಿರುಗಿದರು. ಇಬ್ಬರು ಗಟ್ಟು ಎಂಬ ಊರಿನ ಕಡೆ ಹತ್ತಿ ಹೊಲದ ಕೂಲಿಗೆ ಹೋದರು. ಮಿಕ್ಕ ಇಬ್ಬರು ಏನಾದರೆಂದು ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ.

ಖಾದರ್ ಸಾಹೇಬರಿಗೆ ಆಗ ವಯಸ್ಸಾಗಿತ್ತು, ಕಚೇರಿಗೆ ವಾರಕ್ಕೊಮ್ಮೆ ಬರುತ್ತಿದ್ದರು. ನಾನು ಎಲ್ಲವನ್ನೂ ಹೇಳಿ ರಾಜೀನಾಮೆಯ ಕಾಗದ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಬಹಳ ಹೊತ್ತು ಕನ್ನಡಕ ಒರೆಸಿದರು.

"ಆಕಿ ಕಾಗದ ನಾನೂ ಓದಿದ್ದೆ" ಎಂದರು. "ಮೂರು ಸಲ ಓದಿದ್ದೆ. ನೀವು ಹೇಳಿರ್ತೀರಿ ಅಂದ್ಕೊಂಡೆ. ಹೇಳ್ಯಾರೋ ಇಲ್ಲೋ ಅಂತ ನಿಮಗ ಕೇಳಿದ್ರ ನಿಮ್ಮ ಮನಸ್ಸು ನೊಂದೀತು ಅಂತ ಕೇಳಲಿಲ್ಲ."

ನನ್ನ ರಾಜೀನಾಮೆಯ ಕಾಗದವನ್ನು ಅವರು ಹರಿದು ಹಾಕಿದರು. ನಾನು ಇನ್ನೂ ಎರಡು ವರ್ಷ ಕೆಲಸ ಮಾಡಿದೆ. ಆ ಎರಡು ವರ್ಷ ಬಂದ ಮಾತನ್ನು ಬಂದ ಹಾಗೆ ಹೇಳಿದೆ. ಕೆಲವರಿಗೆ ಮುಖ ಕೆಂಪಾಯಿತು. ಒಬ್ಬ ವ್ಯಾಪಾರಿ ಎದ್ದುಹೋದ, ಮರುದಿನ ಬಂದು ಮಾತು ಮುಂದುವರಿಸಿದ. ಆಡುವ ಮೊದಲು ಊಟವಾಗಲಿ, ಎಲೆ ಎತ್ತಲಿ, ಹೊರಗಿನವರು ಹೋಗಲಿ ಎಂದು ಕಾಯುತ್ತಿದ್ದೆ, ಅಷ್ಟೆ. ಯಾವಾಗ ಹೇಳಬೇಕು ಎಂಬುದನ್ನು ದುಭಾಷಿ ಆರಿಸಿಕೊಳ್ಳಬಹುದು. ಹೇಳಬೇಕೋ ಬೇಡವೋ ಎಂಬುದನ್ನಲ್ಲ. ನನಗೆ ಗೊತ್ತಿರುವ ಶಿಷ್ಟಾಚಾರ ಇಷ್ಟೇ.

ಈರಣ್ಣನ ಮನೆಯಲ್ಲಿ ಮಾತ್ರ ಆಮೇಲೆ ನನಗೆ ದುಭಾಷಿಯ ಕೆಲಸ ಇರಲಿಲ್ಲ. ಹೋದರೆ ಕೂರಿಸಿ ಚಹಾ ಕೊಡುತ್ತಿದ್ದರು. ಮಾತು ಸವಿತಾ ಮತ್ತು ಫೋನಿನ ಮೂಲಕ ನಡೆಯುತ್ತಿತ್ತು.

ನಿವೃತ್ತಿಯಾದ ಮೇಲೆ, ಹೋದ ವರ್ಷ, ಯಾವ ಪರದೇಶಿಯರೂ ಜೊತೆಗಿಲ್ಲದೆ ಬಸ್ಸಿನಲ್ಲಿ ಗದ್ವಾಲಿಗೆ ಹೋದೆ. ಕ್ಷಮೆ ಕೇಳಬೇಕು ಎಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಗೌರಮ್ಮ ಬಾಗಿಲಲ್ಲಿ ನೋಡಿ, "ಬರ್ರಿ ಅಕ್ಕಾರ, ಕುಂದರ್ರಿ" ಎಂದಳು. ಈರಣ್ಣ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಎದ್ದು ಬಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದ.

"ಅದು ಇರ್ಲಿ ಬಿಡ್ರಿ. ನೀವು ಸೀರಿ ಉಡೋ ಮಂದಿ, ಒಂದು ನೋಡಿ ಹೇಳ್ರಿ."

ಅಂದೇ ಮಗ್ಗದಿಂದ ಇಳಿಸಿದ ಹೊಸ ಸೀರೆಯೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟ. ಜೋಳದ ಹಿಟ್ಟಿನ ಬಣ್ಣದ ಮೈ, ದಾಳಿಂಬೆ ಬಣ್ಣದ ಅಂಚು, ಸೆರಗಿನ ತುಂಬ ಜರಿ. ಹೊಸ ನಮೂನೆ, ಆತನೇ ಕಟ್ಟಿದ್ದು. ಗೌರಮ್ಮ, ಸವಿತಾ ಇಬ್ಬರೂ ಬಂದು ನಿಂತರು. ಪಕ್ಕದ ಮನೆಯ ನೇಕಾರನೂ ಬಾಗಿಲಿಗೆ ಬಂದ.

"ಹೆಂಗೈತ್ರಿ?"

ಬಹಳ ಚಲೋ ಅದ, ಎಂಬ ಮಾತು ಆಗಲೇ ನನ್ನ ನಾಲಿಗೆಯ ಮೇಲಿತ್ತು. ಎದ್ದು ನಿಂತು ಸೆರಗನ್ನು ಹೆಗಲ ಮೇಲೆ ಹಾಕಿಕೊಂಡೆ. ಎರಡು ಹೆಜ್ಜೆ ನಡೆದೆ.

"ಸೆರಗು ಭಾರ ಆಗ್ಯದ ಈರಣ್ಣ" ಎಂದೆ. "ಮೈ ತೆಳ್ಳಗದ. ಉಟ್ಟರ ಹೆಗಲಿಂದ ಹಿಂದಕ್ಕ ಜಗ್ಗತದ. ಇದನ್ನ ಯಾರೂ ಎರಡನೇ ಸಲ ಉಡಂಗಿಲ್ಲ."

ಈರಣ್ಣನ ಮುಖ ಸಣ್ಣದಾಯಿತು. ಆತ ಮುಂದೆ ಬಂದು, ನನ್ನ ಬೆನ್ನ ಹಿಂದೆ ಇಳಿಬಿದ್ದ ಸೆರಗನ್ನು ಅಂಗೈ ಮೇಲೆ ಎತ್ತಿ ತೂಗಿ ನೋಡಿದ. ಇಳಿಬಿಟ್ಟ. ಮತ್ತೆ ಎತ್ತಿದ.

"ಹೌದ್ರಿ, ಜಗ್ಗತೈತಿ" ಎಂದ. ಸೊಸೆಯ ಕಡೆ ತಿರುಗಿ, "ನಾಕು ಸಾಲು ಜರಿ ತೆಗೀಬೇಕವ್ವ, ಬರಕೋ" ಎಂದ. ನಾನು ಸೀರೆಯನ್ನು ಹೆಗಲಿಂದ ತೆಗೆದು ಮಡಿಸಲು ಹೋದೆ. "ತಡೀರಿ, ತಡೀರಿ" ಎಂದು ಈರಣ್ಣ ಎದುರಿಗೆ ಕೂತ. "ಅಂಚು ಹೆಂಗೈತಿ, ಅದನ್ನೂ ಹೇಳಿ ಹೋಗ್ರಿ."